ಜೋಳವಾಳಿಯ ಋಣ

ತರಗತಿಯಲ್ಲಿ ಜೋಳವಾಳಿಯೆಂಬ ಮಾತನ್ನು ವಿವರಿಸುವಾಗಲೆಲ್ಲ ನನಗೆ ಜಪಾನಿನ ಓಯಿಶಿ ಕುರಾನೊಸುಕೆಯ ನೆನಪಾಗುತ್ತದೆ. ಅಪರಾಧದ ಸಂಚು ಹೂಡುವ ಜಾಣನನ್ನೇ ನಾಯಕನನ್ನಾಗಿಸಿದ ಜಪಾನೀ ಅನಿಮೆಗಳನ್ನು ನನ್ನ ವಿದ್ಯಾರ್ಥಿಗಳು ಮೆಚ್ಚಿ ಮಾತನಾಡುವಾಗಲೂ ಆತನೇ ನೆನಪಾಗುತ್ತಾನೆ. ಶಾಸನದ ದೃಷ್ಟಿಯಲ್ಲಿ ಅಪರಾಧಿ, ಜನಮನದಲ್ಲಿ ಮಹಾಪುರುಷ. ಅಂಥವನ ಬಾಳು ಆತನದು.

1659ರಲ್ಲಿ ಜನಿಸಿದ ಓಯಿಶಿ ಅಕೋ ಸಂಸ್ಥಾನದ ಪ್ರಧಾನನಾಗಿದ್ದನು. 1701ರಲ್ಲಿ ಅವನ ಒಡೆಯ ಅಸಾನೊ ನಾಗನೊರಿಯು ಎಡೊ ಕೋಟೆಯೊಳಗೆ ದರ್ಬಾರಿನ ಶಿಷ್ಟಾಚಾರಾಧಿಕಾರಿ ಕಿರಾ ಯೋಶಿನಾಕನ ಮೇಲೆ ಕತ್ತಿಯೆತ್ತಿ ಗಾಯಗೊಳಿಸಿದನು. ಅಂದೇ ಅಸಾನೊ ತನ್ನ ಹೊಟ್ಟೆಯನ್ನು ತಾನೇ ಸೀಳಿಕೊಂಡು ಸಾಯಬೇಕೆಂದು ಷೋಗುನ್ ತ್ಸುನಯೋಶಿಯ ಆಜ್ಞೆಯಾಯಿತು. ಕಿರಾನಿಗೆ ಯಾವ ದಂಡನೆಯೂ ಆಗಲಿಲ್ಲ. ಜಗಳವಾಡಿದ ಇಬ್ಬರಿಗೂ ಶಿಕ್ಷೆಯೆಂಬ ಹಳೆಯ ಪದ್ಧತಿಯನ್ನು ಬಲ್ಲವರಿಗೆ ಇದು ಅನ್ಯಾಯವೆಂದು ತೋರಿತು.

ಓಯಿಶಿ ಒಡನೆಯೇ ಕತ್ತಿ ಹಿರಿಯಲಿಲ್ಲ. ಕೋಟೆಯನ್ನು ಶಾಂತವಾಗಿ ಒಪ್ಪಿಸಿ, ಒಡೆಯನ ತಮ್ಮ ದೈಗಾಕುವಿನಿಂದ ಮನೆತನ ಮತ್ತೆ ತಲೆಯೆತ್ತಲೆಂದು ಮೊರೆಯಿಟ್ಟನು. 1702ರಲ್ಲಿ ದೈಗಾಕುವನ್ನು ಹಿರೋಷಿಮಾದ ಬಂಧುಗಳ ವಶಕ್ಕೆ ಕೊಟ್ಟಾಗ ಆ ಆಸೆಯೂ ಕಮರಿತು. ಕ್ಯೋಟೊ ಸಮೀಪದ ಯಾಮಾಶಿನಾದಲ್ಲಿದ್ದಾಗ ಆತನು ಕುಡಿತ ವಿಲಾಸಗಳಲ್ಲಿ ಮುಳುಗಿದಂತೆ ಕಂಡದ್ದು ವೈರಿಯ ಗೂಢಚಾರರನ್ನು ಮರುಳುಗೊಳಿಸಲೆಂದು ಪ್ರತೀತಿ. ಹೆಂಡತಿ ರಿಕುವನ್ನು ತವರಿಗೆ ಕಳುಹಿಸಿ ವಿಚ್ಛೇದಿಸಿದನು. ಹದಿಹರೆಯದ ಹಿರಿಯ ಮಗ ಚಿಕಾರ ಮಾತ್ರ ತಂದೆಯ ಸಂಗಡ ನಿಂತನು.

1703ರ ಜನವರಿಯ ಕೊನೆಯ ಒಂದು ರಾತ್ರಿ ನಲವತ್ತೇಳು ಮಂದಿ ಕಿರಾನ ಮನೆಯನ್ನು ಮುತ್ತಿ ಅವನನ್ನು ಕೊಂದರು. ತಲೆಯನ್ನು ಸೆಂಗಾಕುಜಿಯಲ್ಲಿದ್ದ ಒಡೆಯನ ಸಮಾಧಿಯ ಮುಂದಿಟ್ಟರು. ಬಳಿಕ ಓಡಿಹೋಗದೆ ಅಧಿಕಾರಿಗಳಿಗೆ ತಮ್ಮನ್ನು ಒಪ್ಪಿಸಿಕೊಂಡರು. ಅವರನ್ನು ಹೊಗಳಬೇಕೋ ದಂಡಿಸಬೇಕೋ ಎಂದು ವಿದ್ವಾಂಸರಲ್ಲಿ ವಾದವೆದ್ದಿತು. ಓಗ್ಯೂ ಸೊರಾಯಿ ಶಾಸನದ ಪಕ್ಷವನ್ನು ಹಿಡಿದನು. ಮಾರ್ಚ್ ತಿಂಗಳಲ್ಲಿ, ತಂದೆ ಮಗನೂ ಸೇರಿ, ನಲವತ್ತಾರು ಮಂದಿ ಆಜ್ಞೆಯಂತೆ ಪ್ರಾಣ ನೀಗಿದರು. 1748ರಲ್ಲಿ ಅವರ ಕಥೆ ಹೆಸರುಗಳನ್ನು ಮರೆಸಿಕೊಂಡು ಓಸಾಕದ ಗೊಂಬೆಯಾಟದ ರಂಗವನ್ನೇರಿತು.

ಯೌವನದಲ್ಲಿ ನಾನು ಈ ಕಥೆಯನ್ನು ಓದಿ ಪುಲಕಿತನಾಗಿದ್ದೆ. ಈಗ ಅಂದಿನ ರಾತ್ರಿ ಮಡಿದ ಕಿರಾನ ಕಾವಲಿನವರೂ ಕಣ್ಣೆದುರು ನಿಲ್ಲುತ್ತಾರೆ. ಅವರೂ ಒಡೆಯನ ಅನ್ನದ ಋಣವನ್ನೇ ತೀರಿಸಿದವರು. ಆದರೂ ಓಯಿಶಿಯ ಮೇಲಣ ನನ್ನ ಗೌರವ ಕುಂದಿಲ್ಲ. ಧರ್ಮವೆಂದು ಬಗೆದುದನ್ನು ಮಾಡಿ, ಅದರ ಬೆಲೆಯನ್ನು ತಾನೇ ತೆತ್ತನು. ತನ್ನ ಮಗನನ್ನೂ ಅದರಿಂದ ಉಳಿಸಿಕೊಳ್ಳಲಿಲ್ಲ. ಅದು ಸರಿಯೇ ಎಂದು ವಿದ್ಯಾರ್ಥಿಗಳು ಕೇಳಿದರೆ, ಮಗನ ತಂದೆಯಾದ ನನಗೆ ಉತ್ತರ ಸುಲಭವಾಗಿ ಬಾರದು.