ಮತ್ತೆ ಮೊದಲ ಪಾಠಕ್ಕೆ ಇಳಿದ ಖಡ್ಗವೀರ: ಯಮಾವೋಕಾ ತೆಶ್ಶು

ಜಪಾನಿನ ಖಡ್ಗವಿದ್ಯೆಯ ಚರಿತ್ರೆಯಲ್ಲಿ ಗೆದ್ದು ಹೆಸರಾದವರು ಅನೇಕರು. ಯಮಾವೋಕಾ ತೆಶ್ಶುವಾದರೋ ಒಂದು ಸೋಲಿನಿಂದ ದೊಡ್ಡವನಾದವನು.

ಈತನು ೧೮೩೬ರಲ್ಲಿ ಎಡೋ ನಗರದಲ್ಲಿ, ಎಂದರೆ ಇಂದಿನ ಟೋಕಿಯೋದಲ್ಲಿ, ಓನೋ ಎಂಬ ಸಮುರಾಯಿ ಮನೆತನದಲ್ಲಿ ಜನಿಸಿದನು. ಒಂಬತ್ತರ ಪ್ರಾಯದಲ್ಲಿಯೇ ಕತ್ತಿಯ ಅಭ್ಯಾಸ ಮೊದಲಾಯಿತು. ತಂದೆಯು ಶೋಗುನರ ಅಧಿಕಾರಿಯಾಗಿ ಬೆಟ್ಟಗಳ ನಡುವಣ ತಕಾಯಾಮಾಕ್ಕೆ ಹೋದಾಗ ಅಲ್ಲಿಯೂ ಮಗನ ಪಾಠ ನಿಲ್ಲಲಿಲ್ಲ. ಹದಿನಾರರ ಹೊತ್ತಿಗೆ ತಂದೆತಾಯಿಗಳಿಬ್ಬರೂ ತೀರಿಕೊಂಡರು. ಎಳೆಯ ತಮ್ಮಂದಿರ ಭಾರವನ್ನು ಹೊತ್ತು ಹುಡುಗನು ಎಡೋಗೆ ಮರಳಿದನು. ಮುಂದೆ ತನ್ನ ಭರ್ಜಿವಿದ್ಯೆಯ ಗುರುವು ಅಕಾಲದಲ್ಲಿ ಮಡಿಯಲು, ಗುರುವಿನ ತಂಗಿಯನ್ನು ವರಿಸಿ ಯಮಾವೋಕಾ ಎಂಬ ಆ ಮನೆಯ ಹೆಸರನ್ನೇ ತಾಳಿದನು.

ಆರಡಿಗೆ ಮೀರಿದ ಎತ್ತರ, ಅದಕ್ಕೆ ತಕ್ಕ ಬಲ. ಜನರು ಈತನನ್ನು ರಾಕ್ಷಸನೆಂದೇ ಅಡ್ಡಹೆಸರಿಟ್ಟು ಕರೆಯುತ್ತಿದ್ದರು. ಹೀಗಿರುವಾಗ ೧೮೬೩ರಲ್ಲಿ ಇತ್ತೋ ಸಂಪ್ರದಾಯದ ಆಸಾರಿ ಎಂಬ ಗುರುವಿನೆದುರು ನಿಂತನು. ಆಸಾರಿ ಅಬ್ಬರಿಸಲಿಲ್ಲ, ಕತ್ತಿಯ ಮೊನೆಯನ್ನು ಮುಂದಿಟ್ಟು ಶಾಂತನಾಗಿ ಹೆಜ್ಜೆಯಿಡುತ್ತ ಬಂದನು. ತೆಶ್ಶು ಹಿಂದೆ ಸರಿಯುತ್ತ ಸರಿಯುತ್ತ ಕೊನೆಗೆ ಗರಡಿಯ ಬಾಗಿಲಿನಿಂದಲೇ ಹೊರಬಿದ್ದನೆಂದು ಹೇಳುತ್ತಾರೆ. ಹದಿನೆಂಟು ವರ್ಷಗಳ ಸಾಧನೆಯುಳ್ಳವನಿಗೆ ಇದೆಂತಹ ಅವಮಾನ! ಆತನು ಹಗೆ ಸಾಧಿಸಲಿಲ್ಲ, ನೆಪ ಹುಡುಕಲಿಲ್ಲ. ಆಸಾರಿಗೇ ಶಿಷ್ಯನಾಗಿ ಮೊದಲಿನಿಂದ ಕಲಿಯಲು ಕುಳಿತನು. ಹಗಲೆಲ್ಲ ಕತ್ತಿ, ಇರುಳು ಧ್ಯಾನ. ಕಣ್ಣು ಮುಚ್ಚಿದೊಡನೆ ಆಸಾರಿಯ ಖಡ್ಗವು ಬೆಟ್ಟದಂತೆ ಎದುರಿಗೆ ಬಂದು ನಿಲ್ಲುತ್ತಿತ್ತು.

ಈ ನಡುವೆ ೧೮೬೮ರಲ್ಲಿ ದೇಶವೇ ಅಲ್ಲೋಲಕಲ್ಲೋಲವಾಯಿತು. ಚಕ್ರವರ್ತಿಯ ಪಕ್ಷದ ಸೇನೆ ಎಡೋದತ್ತ ನಡೆದಾಗ ತೆಶ್ಶು ಶತ್ರುಗಳ ಸಾಲುಗಳನ್ನು ದಾಟಿ ಸುಂಪು ಎಂಬಲ್ಲಿ ಸೇನಾನಿ ಸಾಯ್ಗೋ ತಕಾಮೋರಿಯನ್ನು ಕಂಡು ಸಂಧಿಯ ಮಾತೆತ್ತಿದನು. ಎಡೋ ಕೋಟೆಯು ಯುದ್ಧವಿಲ್ಲದೆ ಕೈಬದಲಾಯಿತು. ೧೮೭೨ರಿಂದ ಹತ್ತು ವರ್ಷ ಈತನು ಅದೇ ಚಕ್ರವರ್ತಿಯ ಆಸ್ಥಾನದಲ್ಲಿ ಸೇವೆ ಸಲ್ಲಿಸಿದುದು ವಿಧಿಯ ವಿನೋದವೇ ಸರಿ.

ಆಸಾರಿಯ ಆ ಛಾಯೆ ಮಾತ್ರ ಬಿಟ್ಟಿರಲಿಲ್ಲ. ಒಮ್ಮೆ ಒಬ್ಬ ವರ್ತಕನು ತನ್ನ ವ್ಯಾಪಾರದ ಅನುಭವವನ್ನು ಹೇಳುತ್ತ, ಲಾಭನಷ್ಟಗಳ ಚಿಂತೆ ಹೊಕ್ಕರೆ ಯಾವ ವ್ಯವಹಾರವೂ ಕೈಗೂಡದೆಂದನಂತೆ. ಗುರುಗಳು ಕೊಟ್ಟ ಒಗಟಿಗೆ ಉತ್ತರ ಅಂಗಡಿಯವನ ಮಾತಿನಲ್ಲಿ ಹೊಳೆಯಿತು. ೧೮೮೦ರ ಮಾರ್ಚ್ ೩೦ರ ಬೆಳಿಗ್ಗೆ ಧ್ಯಾನದಲ್ಲಿದ್ದಾಗ ಎದುರಿನ ಖಡ್ಗ ಕಾಣದಾಯಿತು. ಹದಿನೇಳು ವರ್ಷ ಕಳೆದಿದ್ದುವು. ಆಸಾರಿಯನ್ನು ಕರೆಸಿದರೆ, ಎದುರು ನಿಂತ ಗುರುವೇ ಕತ್ತಿಯನ್ನಿಳಿಸಿ, ಸಂಪ್ರದಾಯದ ರಹಸ್ಯಗಳನ್ನೆಲ್ಲ ಶಿಷ್ಯನಿಗೆ ಒಪ್ಪಿಸಿದನು.

ಸೊಂಟದಲ್ಲಿ ಕತ್ತಿ ಧರಿಸುವುದನ್ನು ಸರಕಾರವು ೧೮೭೬ರಲ್ಲಿಯೇ ನಿಷೇಧಿಸಿತ್ತು. ಈ ವಿದ್ಯೆಯಿಂದ ಇನ್ನು ಅನ್ನವೂ ಇಲ್ಲ, ಅಧಿಕಾರವೂ ಇಲ್ಲ. ಅಂತಹ ಕಾಲದಲ್ಲಿ ತೆಶ್ಶು ಶುಂಪೂಕಾನ್ ಎಂಬ ಗರಡಿಯನ್ನು ತೆರೆದನು. ಹೊಸದಾಗಿ ಬಂದವನಿಗೆ ಅಲ್ಲಿ ಮೂರು ವರ್ಷ ಒಂದೇ ಪಾಠ: ಬಿದಿರಿನ ಕತ್ತಿ ಹಿಡಿದು ಮೈಯೆಲ್ಲ ಬಳಸಿ ನೇರವಾಗಿ ಹೊಡೆಯುವುದು. ಕೈಚಳಕಕ್ಕೆ ಎಡೆಯಿಲ್ಲ, ಸೋಲುಗೆಲುವಿನ ಲೆಕ್ಕವಿಲ್ಲ. ಬೇಸತ್ತು ಓಡಿದವರೂ ಇದ್ದಿರಬೇಕು! ಉಳಿದವರಿಗೆ ಮುಂದೆ ಒಂದೇ ದಿನ ೨೦೦ ಪಂದ್ಯಗಳ ವ್ರತ. ಅದರ ಮೇಲೆ ಮೂರು ದಿನಗಳಲ್ಲಿ ೬೦೦, ಏಳು ದಿನಗಳಲ್ಲಿ ೧೪೦೦.

ಹೊಟ್ಟೆಯ ಕ್ಯಾನ್ಸರ್ ಆತನನ್ನು ಕಾಡುತ್ತಿತ್ತು. ೧೮೮೮ರ ಜುಲೈ ೧೯ರಂದು, ಪದ್ಮಾಸನದಲ್ಲಿ ಕುಳಿತಿದ್ದಂತೆಯೇ ತೆಶ್ಶು ಪ್ರಾಣಬಿಟ್ಟನು. ತಾನೇ ಕಟ್ಟಿಸಿದ್ದ ಟೋಕಿಯೋದ ಜೆನ್‌ಶೋಆನ್ ಮಂದಿರದಲ್ಲಿ ಆತನ ಸಮಾಧಿಯಿದೆ.