ಡ್ರ್ಯಾಗನ್ ಎಷ್ಟು ದೊಡ್ಡದಿರಬೇಕು? ಗ್ಯಾರಿ ಗೈಗ್ಯಾಕ್ಸ್ ಕಥೆ

ಕಳೆದ ಸೆಮಿಸ್ಟರ್‌ನ ಒಂದು ಶನಿವಾರ ರಾತ್ರಿ ನಮ್ಮ ಹಾಸ್ಟೆಲ್ ರೂಮಿನಲ್ಲಿ ಐದು ಜನ ಒಟ್ಟಿಗೇ ಸತ್ತರು. ಗಾಬರಿ ಬೇಡ, ಸತ್ತಿದ್ದು ಹಾಳೆಯ ಮೇಲೆ. ನಾವು ಆಡುತ್ತಿದ್ದದ್ದು ಡಂಜನ್ಸ್ ಅಂಡ್ ಡ್ರ್ಯಾಗನ್ಸ್. ಆಟ ಗೊತ್ತಿಲ್ಲದವರಿಗೆ ಒಂದು ಮಾತು: ಒಬ್ಬ ಕಥೆ ನಡೆಸುತ್ತಾನೆ, ಅವನು ಡಂಜನ್ ಮಾಸ್ಟರ್. ಉಳಿದವರು ಒಂದೊಂದು ಪಾತ್ರ. ಬಾಯಲ್ಲಿ ಹೇಳಿದ್ದು ಆಗುತ್ತೋ ಇಲ್ಲವೋ ಅನ್ನೋದನ್ನ ದಾಳ ತೀರ್ಮಾನ ಮಾಡುತ್ತೆ. ನಮ್ಮ ಮಾಸ್ಟರ್ ಮಹಾಶಯ ಮೂರನೇ ಲೆವೆಲ್ಲಿನ ನಮ್ಮ ಮುಂದೆ ಒಂದು ಮುದಿ ಕೆಂಪು ಡ್ರ್ಯಾಗನ್ ತಂದು ನಿಲ್ಲಿಸಿದ. ಅದು ಬೆಂಕಿ ಉಗುಳಿತು, ಮುಗೀತು. ಮೂರು ತಿಂಗಳು ಕೂತು ಪಾತ್ರ ಕಟ್ಟಿದ್ದ ಗೆಳೆಯ ದಾಳಗಳನ್ನು ಜೇಬಿಗೆ ಹಾಕಿಕೊಂಡು ಹೋದವನು ಆಮೇಲೆ ಬರಲೇ ಇಲ್ಲ.

ಅದಕ್ಕೂ ಎರಡು ವಾರ ಮೊದಲು ಪೂರ್ತಿ ಉಲ್ಟಾ ಆಗಿತ್ತು. ಭಾರೀ ಬಿಲ್ಡಪ್ ಕೊಟ್ಟು ತಂದ ದೈತ್ಯನನ್ನು ನಾವೈದು ಜನ ಸೇರಿ ಒಂದೇ ಸುತ್ತಿನಲ್ಲಿ ಮಲಗಿಸಿದ್ದೆವು. ಅವನಿಗೆ ಒಂದು ಸರದಿ ಸಿಗುವಷ್ಟರಲ್ಲಿ ನಮಗೆ ಐದು ಸಿಗುತ್ತೆ, ಇನ್ನೇನಾಗುತ್ತೆ? ಬಲಶಾಲಿ ರಾಕ್ಷಸನನ್ನು ಆಟಕ್ಕೆ ತರುವ ಎಲ್ಲರೂ ಈ ಎರಡು ಹಳ್ಳಗಳಲ್ಲಿ ಒಂದಕ್ಕೆ ಬೀಳುತ್ತಾರೆ. ಈ ಹಳ್ಳಗಳನ್ನು ಮೊದಲು ಅಳೆದವರು ಯಾರು ಅಂತ ಹುಡುಕುತ್ತಾ ಹೋದಾಗ ನಮಗೆ ಸಿಕ್ಕಿದ್ದು ಗ್ಯಾರಿ ಗೈಗ್ಯಾಕ್ಸ್.

ಅರ್ನೆಸ್ಟ್ ಗ್ಯಾರಿ ಗೈಗ್ಯಾಕ್ಸ್ ಹುಟ್ಟಿದ್ದು 1938ರ ಜುಲೈ 27ರಂದು, ಅಮೆರಿಕದ ಶಿಕಾಗೋದಲ್ಲಿ. ಅಪ್ಪ ಸ್ವಿಟ್ಜರ್ಲೆಂಡಿನಿಂದ ಬಂದವರು, ಶಿಕಾಗೋ ಸಿಂಫನಿಯಲ್ಲಿ ಪಿಟೀಲು ನುಡಿಸುತ್ತಿದ್ದರು. ಹುಡುಗನಿಗೆ ಎಂಟು ವರ್ಷ ಆಗುವಾಗ ಮನೆಯವರು ವಿಸ್ಕಾನ್ಸಿನ್ ರಾಜ್ಯದ ಲೇಕ್ ಜಿನೀವಾ ಎಂಬ ಸಣ್ಣ ಊರಿಗೆ ಬಂದರು. ಅಲ್ಲೊಂದು ಪಾಳುಬಿದ್ದ ಆಸ್ಪತ್ರೆ, ಅದರ ಕೆಳಗೆ ಸುರಂಗಗಳು. ಗ್ಯಾರಿ ಗೆಳೆಯರ ಜೊತೆ ಅಲ್ಲಿ ನುಗ್ಗಿ ಓಡಾಡುತ್ತಿದ್ದ. ಮನೆಗೆ ಬಂದರೆ ಅಪ್ಪ ಹೇಳುವ ಕತ್ತಿವರಸೆಯ ಕಥೆಗಳು, ರಾಬರ್ಟ್ ಹೋವರ್ಡ್ ಬರೆದ ಸಾಹಸಗಳು, ಚದುರಂಗ. ಓದಿನಲ್ಲಿ ಮನಸ್ಸು ನಿಲ್ಲಲಿಲ್ಲ. ಹೈಸ್ಕೂಲ್ ಮುಗಿಸದೆಯೇ ಬಿಟ್ಟ. ಸ್ವಲ್ಪ ಕಾಲ ನೌಕಾಪಡೆಯ ಮರೀನ್ಸ್ ಸೇರಿ ಅನಾರೋಗ್ಯದಿಂದ ವಾಪಸ್ ಬಂದ. 1958ರಲ್ಲಿ ಮೇರಿ ಜೋ ಪವೆಲ್ ಜೊತೆ ಮದುವೆ.

ಆಮೇಲೆ ಶಿಕಾಗೋದ ಒಂದು ವಿಮಾ ಕಂಪನಿಯಲ್ಲಿ ಅಂಡರ್‌ರೈಟರ್ ಕೆಲಸ. ಅಂದರೆ ಅಪಾಯಕ್ಕೆ ಬೆಲೆ ಕಟ್ಟುವ ಕೆಲಸ: ಈ ಕಟ್ಟಡಕ್ಕೆ ಬೆಂಕಿ ಬೀಳುವ ಸಾಧ್ಯತೆ ಎಷ್ಟು, ಬಿದ್ದರೆ ನಷ್ಟ ಎಷ್ಟು. ನಮಗಂತೂ ಈ ವಿವರ ಸಿಕ್ಕಾಪಟ್ಟೆ ಇಷ್ಟವಾಯಿತು. ಮುಂದೆ ಇದೇ ಮನುಷ್ಯ ಡ್ರ್ಯಾಗನ್ ಬೆಂಕಿಗೂ ಟೇಬಲ್ ಹಾಕಿದರು ನೋಡಿ.

ಬಿಡುವಿನ ಹೊತ್ತೆಲ್ಲ ಯುದ್ಧದ ಆಟಗಳು. 1968ರಲ್ಲಿ 50 ಡಾಲರ್ ಬಾಡಿಗೆ ಕೊಟ್ಟು ಊರಿನ ಹಾರ್ಟಿಕಲ್ಚರಲ್ ಹಾಲ್ ಹಿಡಿದು ಆಟಗಾರರ ಸಮಾವೇಶ ಮಾಡಿದರು. ಅದೇ ಇವತ್ತಿನ ಜೆನ್ ಕಾನ್. 1970ರಲ್ಲಿ ವಿಮಾ ಕೆಲಸ ಹೋಯಿತು. ಮನೆಯಲ್ಲಿ ಐದು ಮಕ್ಕಳು. ಗೈಗ್ಯಾಕ್ಸ್ ಶೂ ರಿಪೇರಿ ಕಲಿತು ಅದರಿಂದ ಸಂಸಾರ ಸಾಗಿಸುತ್ತಾ, ಉಳಿದ ಹೊತ್ತಿನಲ್ಲಿ ಆಟದ ನಿಯಮಗಳನ್ನು ಟೈಪ್ ಮಾಡುತ್ತಾ ಕೂತರು. 1971ರಲ್ಲಿ ಜೆಫ್ ಪೆರನ್ ಜೊತೆ ಬರೆದ ಚೈನ್‌ಮೇಲ್ ಹೊರಬಂತು. ಮಧ್ಯಯುಗದ ಸೈನಿಕರ ಆಟ ಅದು. ಕೊನೆಯಲ್ಲಿ ಡ್ರ್ಯಾಗನ್, ಮಾಂತ್ರಿಕ ಮುಂತಾದವರಿಗೂ ಒಂದಿಷ್ಟು ಪುಟ ಇತ್ತು.

ಇಲ್ಲಿ ಇನ್ನೊಬ್ಬರ ಹೆಸರು ಹೇಳದಿದ್ದರೆ ಅನ್ಯಾಯ. ಪಕ್ಕದ ಮಿನ್ನೆಸೋಟ ರಾಜ್ಯದಲ್ಲಿ ಡೇವ್ ಆರ್ನೆಸನ್ ಎಂಬ ತರುಣ, ಸೈನ್ಯದ ಬದಲು ಒಬ್ಬೊಬ್ಬ ಆಟಗಾರನಿಗೆ ಒಂದೊಂದು ಪಾತ್ರ ಕೊಟ್ಟು ಬ್ಲ್ಯಾಕ್‌ಮೂರ್ ಎಂಬ ಆಟ ನಡೆಸುತ್ತಿದ್ದರು. ಒಂದೇ ಏಟಿಗೆ ತಮ್ಮ ಪಾತ್ರ ಸಾಯೋದು ಆಟಗಾರರಿಗೆ ಹಿಡಿಸಲಿಲ್ಲ. ಆಗ ಆರ್ನೆಸನ್ ಹಡಗು ಯುದ್ಧದ ಆಟಗಳಿಂದ ಒಂದು ಉಪಾಯ ತಂದರು. ಹಡಗು ಎಷ್ಟು ಏಟು ತಿಂದು ಮುಳುಗುತ್ತೆ ಅಂತ ಲೆಕ್ಕ ಇಡುವ ಹಾಗೆ ಮನುಷ್ಯನಿಗೂ ಲೆಕ್ಕ. ಇವತ್ತು ಪ್ರತಿ ವಿಡಿಯೋ ಗೇಮಿನಲ್ಲಿ ಕಾಣುವ ಹಿಟ್ ಪಾಯಿಂಟ್ ಬಂದದ್ದು ಹೀಗೆ. 1972ರ ಕೊನೆಯಲ್ಲಿ ಆರ್ನೆಸನ್ ಲೇಕ್ ಜಿನೀವಾಕ್ಕೆ ಬಂದು ಗೈಗ್ಯಾಕ್ಸ್‌ಗೆ ಈ ಆಟ ಆಡಿಸಿ ತೋರಿಸಿದರು. ಗೈಗ್ಯಾಕ್ಸ್ ತಕ್ಷಣ ಬರೆಯಲು ಕೂತರು. ಮೊದಲು ಪ್ರಯೋಗಕ್ಕೆ ಸಿಕ್ಕಿದ್ದು ಸ್ವಂತ ಮಕ್ಕಳೇ, ಅರ್ನಿ ಮತ್ತು ಎಲೀಸ್. ಗ್ರೇಹಾಕ್ ಎಂಬ ಕೋಟೆಯ ಕೆಳಗಿನ ನೆಲಮಾಳಿಗೆಗೆ ಇಳಿದ ಮಕ್ಕಳಿಗೆ ಮೊದಲ ರಾತ್ರಿ ದಕ್ಕಿದ್ದು ತಾಮ್ರದ ನಾಣ್ಯ ತುಂಬಿದ ಪೆಟ್ಟಿಗೆ. ಹೊತ್ತೊಯ್ಯಲಾಗದಷ್ಟು ಭಾರ!

ಪ್ರಕಾಶಕರು ಆಟವನ್ನು ಒಪ್ಪಲಿಲ್ಲ. ಬಾಲ್ಯದ ಗೆಳೆಯ ಡಾನ್ ಕೇ ಜೊತೆ 1973ರಲ್ಲಿ ಟಿಎಸ್ಆರ್ ಕಂಪನಿ ಶುರು ಮಾಡಿದರು. ಬ್ರಯಾನ್ ಬ್ಲೂಮ್ ಎಂಬುವರು ಹಣ ಹಾಕಿ ಸೇರಿಕೊಂಡರು. 1974ರ ಜನವರಿಯಲ್ಲಿ ಮೂರು ಪುಟ್ಟ ಪುಸ್ತಕಗಳ ಪೆಟ್ಟಿಗೆ, 1,000 ಪ್ರತಿ, ಕೈಯಿಂದಲೇ ಜೋಡಿಸಿದ್ದು, ಬೆಲೆ 10 ಡಾಲರ್. ಮುಖಪುಟದಲ್ಲಿ ಗೈಗ್ಯಾಕ್ಸ್ ಮತ್ತು ಆರ್ನೆಸನ್, ಇಬ್ಬರ ಹೆಸರೂ ಇತ್ತು. ವರ್ಷದೊಳಗೆ ಅಷ್ಟೂ ಖಾಲಿ.

ಈಗ ನಮ್ಮ ಡ್ರ್ಯಾಗನ್ ವಿಷಯಕ್ಕೆ ಬರೋಣ. ಎದುರಾಳಿ ಯಾವಾಗಲೂ ನಮಗೆ ಸರಿಸಮ ಇರಬೇಕು ಅನ್ನುವ ನಿಯಮ ಆ ಪುಸ್ತಕಗಳಲ್ಲಿ ಎಲ್ಲೂ ಇಲ್ಲ. ಬದಲಿಗೆ ನೆಲಮಾಳಿಗೆಗೆ ಮಹಡಿಗಳಿದ್ದವು. ಮೊದಲ ಮಹಡಿಯಲ್ಲಿ ಸಣ್ಣಪುಟ್ಟವು, ಕೆಳಗಿಳಿದಂತೆ ಭಯಂಕರವಾದವು. ಎಷ್ಟು ಕೆಳಗೆ ಇಳಿಯೋದು ಅನ್ನೋದು ಆಟಗಾರರ ಇಷ್ಟ. ಜೊತೆಗೆ, ಅನುಭವದ ಅಂಕ ಬಹುಪಾಲು ಬರುತ್ತಿದ್ದದ್ದು ಕೊಂದದ್ದಕ್ಕಲ್ಲ, ತಂದ ಚಿನ್ನಕ್ಕೆ. ಒಂದು ಚಿನ್ನದ ನಾಣ್ಯಕ್ಕೆ ಒಂದು ಅಂಕ. ಹಾಗಾಗಿ ರಾಕ್ಷಸ ಮಲಗಿದ್ದಾಗ ಗಂಟು ಹೊತ್ತುಕೊಂಡು ಓಡೋದೇ ಜಾಣತನ. ನಾವು ಮೂರು ತಿಂಗಳು ಕಂಡದ್ದನ್ನೆಲ್ಲ ಕಡಿಯುತ್ತಾ ಬಂದವರು. ಇದನ್ನು ಓದಿ ಪೆಚ್ಚಾದೆವು.

1977ರಲ್ಲಿ ಮಾನ್‌ಸ್ಟರ್ ಮ್ಯಾನ್ಯುಯಲ್ ಬಂತು, 350ಕ್ಕೂ ಹೆಚ್ಚು ಪ್ರಾಣಿ, ಪಿಶಾಚಿಗಳ ಪಟ್ಟಿ. ಅದರ ಕೆಂಪು ಡ್ರ್ಯಾಗನ್ನಿನ ಲೆಕ್ಕ ಸ್ವಲ್ಪ ಮಾಡೋಣ, ಎಷ್ಟಾದರೂ ಎಂಜಿನಿಯರಿಂಗ್ ಓದುವವರು ನಾವು. ಅತಿ ದೊಡ್ಡದಕ್ಕೆ 11 ದಾಳ, ಮುದಿಯಾದರೆ ಪ್ರತಿ ದಾಳಕ್ಕೆ 8, ಒಟ್ಟು 88 ಹಿಟ್ ಪಾಯಿಂಟ್. ಅದರ ಬೆಂಕಿಯ ಪೆಟ್ಟೂ ಅಷ್ಟೇ, 88. ತಪ್ಪಿಸಿಕೊಳ್ಳುವ ದಾಳ ಗೆದ್ದರೆ ಅರ್ಧ, 44. ಎಂಟನೇ ಲೆವೆಲ್ಲಿನ ಯೋಧನ ಪ್ರಾಣ ಹತ್ತು ಮುಖದ ಎಂಟು ದಾಳ, ಸರಾಸರಿ 44. ಅಂದರೆ ಪಳಗಿದ ಯೋಧ ಅದೃಷ್ಟ ಇದ್ದರೂ ಒಂದೇ ಉಸಿರಿಗೆ ಹೋಗಬಹುದು. ಇದನ್ನು ಬ್ಯಾಲೆನ್ಸ್ ಅಂತ ಕರೆಯೋದು ಹೇಗೆ? ಅದೇ ಪುಟದಲ್ಲಿ ಉತ್ತರವೂ ಇದೆ: ದಿನಕ್ಕೆ ಮೂರು ಸಲಕ್ಕಿಂತ ಹೆಚ್ಚು ಬೆಂಕಿ ಉಗುಳಲಾಗದು. ನೀವು ಹೋದಾಗ ಅದು ನಿದ್ದೆಯಲ್ಲಿರುವ ಸಾಧ್ಯತೆಗೂ ಒಂದು ಶೇಕಡಾವಾರು. ಮಾತಾಡುವ ಸಾಧ್ಯತೆಗೆ ಇನ್ನೊಂದು. ಕೊಲ್ಲದೆ ಮಣಿಸಿ ಹಿಡಿಯುವುದಕ್ಕೂ ನಿಯಮ ಇದೆ. ಬಲ ಕಡಿಮೆ ಮಾಡಲಿಲ್ಲ ಪುಣ್ಯಾತ್ಮ, ಬಾಗಿಲು ಜಾಸ್ತಿ ಇಟ್ಟರು.

ಆ ಪುಸ್ತಕದಲ್ಲಿ ನಮ್ಮ ಕಡೆಯ ರಾಕ್ಷಸನೂ ಇದ್ದಾನೆ, ಭಾರತದಿಂದ ಬಂದವನು ಅಂತಲೇ ಪರಿಚಯ. ಎದುರಿಗಿರುವವರು ನಂಬುವ ವೇಷ ಹಾಕುತ್ತಾನೆ. ಎಂಟನೇ ಹಂತಕ್ಕಿಂತ ಕೆಳಗಿನ ಮಂತ್ರ ಯಾವುದೂ ತಟ್ಟದು. ಆದರೆ ಪುರೋಹಿತ ಹರಸಿದ ಒಂದು ಬಾಣ ಸಾಕು, ಖಲಾಸ್. ಈ ಬಾಣ ನಾವು ಕೇಳಿದ ಯಾವ ಪುರಾಣದಲ್ಲೂ ಇಲ್ಲ. ಆದರೂ ಉಪಾಯ ಮಾತ್ರ ನಮಗೆ ಚೆನ್ನಾಗಿ ಗೊತ್ತಿರೋದೇ. ಹಿರಣ್ಯಕಶಿಪುವಿಗೆ ಹಗಲೂ ಅಲ್ಲ ರಾತ್ರಿಯೂ ಅಲ್ಲ, ಒಳಗೂ ಅಲ್ಲ ಹೊರಗೂ ಅಲ್ಲ ಎಂಬ ವರ ಕೊಟ್ಟ ಬ್ರಹ್ಮನೂ ಹೊಸ್ತಿಲಷ್ಟು ಜಾಗ ಬಿಟ್ಟಿದ್ದನಲ್ಲ. ಅಜ್ಜಿ ಕಥೆ ಹೇಳುವಾಗ ನಮಗೆ ಕುತೂಹಲ ಇದ್ದದ್ದು ಆ ಸಂದು ಎಲ್ಲಿದೆ ಅನ್ನೋದರ ಮೇಲೇ.

ಇನ್ನೊಂದು ಜೀವಿ ನಮಗೆ ಅಚ್ಚುಮೆಚ್ಚು: ರಸ್ಟ್ ಮಾನ್‌ಸ್ಟರ್. ಅಂಗಡಿಯಲ್ಲಿ ಸಿಗುತ್ತಿದ್ದ ಹಾಂಗ್‌ಕಾಂಗಿನ ಅಗ್ಗದ ಪ್ಲಾಸ್ಟಿಕ್ ಗೊಂಬೆಯೊಂದನ್ನು ನೋಡಿ ಗೈಗ್ಯಾಕ್ಸ್ ಹೆಣೆದದ್ದು. ಯಾರನ್ನೂ ಕೊಲ್ಲಲು ಬರೋದಿಲ್ಲ. ಕಬ್ಬಿಣ ಮುಟ್ಟಿದರೆ ತುಕ್ಕು, ಆ ತುಕ್ಕೇ ಅದರ ಊಟ. ಮೈತುಂಬ ಕವಚ ತೊಟ್ಟ ವೀರ ಅದನ್ನು ಕಂಡರೆ ಎದ್ದು ಬಿದ್ದು ಓಡುತ್ತಾನೆ. ಬರಿಗೈಯ ಮಾಂತ್ರಿಕ ನಗುತ್ತಾ ನಿಲ್ಲುತ್ತಾನೆ.

ಎಲ್ಲ ಸಲವೂ ಹೀಗೆ ದಯೆ ತೋರಿದವರಲ್ಲ. 1975ರ ಒರಿಜಿನ್ಸ್ ಸಮಾವೇಶಕ್ಕೆ ಟೂಂಬ್ ಆಫ್ ಹಾರರ್ಸ್ ಎಂಬ ಸಮಾಧಿ ತಂದರು. ತಮ್ಮ ಪಾತ್ರ ಯಾವ ಗುಹೆಯನ್ನಾದರೂ ಗೆಲ್ಲುತ್ತೆ ಅಂತ ಬೀಗುತ್ತಿದ್ದ ಪಳಗಿದ ಆಟಗಾರರಿಗಾಗಿ ಕಟ್ಟಿದ್ದು. ಅಲ್ಲಿ ಕಾದಾಟವೇ ಕಡಿಮೆ. ಗೋಡೆಯ ಮೇಲೆ ಬಾಯಿ ತೆರೆದ ಹಸಿರು ಮುಖ. ಆ ಬಾಯೊಳಗೆ ತೂರಿದವನು ದಾಳ ಹಾಕುವ ಅವಕಾಶವೂ ಇಲ್ಲದೆ ಇಲ್ಲವಾಗುತ್ತಾನೆ. ನಮ್ಮೊಳಗೆ ಇದರ ಬಗ್ಗೆ ಜಗಳ ಇನ್ನೂ ಮುಗಿದಿಲ್ಲ. ಅರ್ಧ ಜನಕ್ಕೆ ಇದು ಪರೀಕ್ಷೆ, ಇನ್ನರ್ಧಕ್ಕೆ ಸಿಲಬಸ್ ಹೊರಗಿನ ಪ್ರಶ್ನೆ ಕೇಳಿ ಫೇಲ್ ಮಾಡುವ ಬುದ್ಧಿ.

ಆದರೆ 1979ರ ಡಂಜನ್ ಮಾಸ್ಟರ್ಸ್ ಗೈಡ್ ಓದಿದರೆ ಬೇರೆ ಮನುಷ್ಯನೇ ಕಾಣುತ್ತಾರೆ. ಜಾಗ್ರತೆಯಿಂದ ಆಡಿದವನು ಬರೀ ಕೆಟ್ಟ ದಾಳದಿಂದ ಸಾಯುವಂತಿದ್ದರೆ ಮಾಸ್ಟರ್ ಅವನನ್ನು ಮೂರ್ಛೆ ಕೆಡವಿ ಬಿಡಬಹುದು ಎನ್ನುತ್ತಾರೆ. ಮೂರ್ಖತನಕ್ಕೆ ಮಾತ್ರ ಈ ರಿಯಾಯಿತಿ ಇಲ್ಲ. ಸಂಪತ್ತನ್ನು ಸುಲಭವಾಗಿ ಸುರಿಯುವ ಮಾಸ್ಟರ್‌ಗಳ ಮೇಲೂ ಅಷ್ಟೇ ಸಿಟ್ಟು. ಅಂಥ ಆಟಕ್ಕೆ ಆಗ ಮಾಂಟಿ ಹಾಲ್ ಅಂತ ಹೆಸರು. ಹೌದು, ನಮ್ಮ ಪ್ರಾಬಬಿಲಿಟಿ ಕ್ಲಾಸಿನಲ್ಲಿ ಮೂರು ಬಾಗಿಲ ಹಿಂದೆ ಮೇಕೆ ಕಟ್ಟಿ ತಲೆ ತಿಂದ ಅದೇ ಟಿವಿ ಮಾಂಟಿ ಹಾಲ್.

ಆಟದ ಒಳಗೆ ಇಷ್ಟು ಲೆಕ್ಕ ಇಟ್ಟವರಿಗೆ ಆಫೀಸಿನ ಲೆಕ್ಕ ಕೈಕೊಟ್ಟಿತು. 1975ರ ಜನವರಿಯಲ್ಲಿ ಡಾನ್ ಕೇ 36ನೇ ವಯಸ್ಸಿಗೇ ಹೃದಯಾಘಾತದಿಂದ ತೀರಿಕೊಂಡರು. ಷೇರುಗಳ ಹೆಚ್ಚಿನ ಪಾಲು ಬ್ಲೂಮ್ ಕುಟುಂಬದ ಕೈಗೆ ಹೋಯಿತು. ಆರ್ನೆಸನ್ ಕಂಪನಿ ಬಿಟ್ಟರು. ಹೊಸ ಪುಸ್ತಕಗಳಲ್ಲಿ ಅವರ ಹೆಸರೂ ಇಲ್ಲ, ರಾಯಲ್ಟಿಯೂ ಇಲ್ಲ. ಕೋರ್ಟಿಗೆ ಹೋದರು, 1981ರಲ್ಲಿ ರಾಜಿ ಆಯಿತು. ಗೈಗ್ಯಾಕ್ಸ್‌ರನ್ನು ಎಷ್ಟೇ ಮೆಚ್ಚಿದರೂ ಈ ವಿಷಯದಲ್ಲಿ ನಾವು ಆರ್ನೆಸನ್ ಕಡೆ. 1983ರಲ್ಲಿ ಗೈಗ್ಯಾಕ್ಸ್ ಹಾಲಿವುಡ್‌ಗೆ ಹೋಗಿ ಆಟದ ಕಾರ್ಟೂನ್ ಸರಣಿ ಮಾಡಿಸಿದರು. ಇತ್ತ ಕಂಪನಿ ಸುಮಾರು 15 ಲಕ್ಷ ಡಾಲರ್ ಸಾಲದಲ್ಲಿ ಮುಳುಗಿತ್ತು. ವಾಪಸ್ ಬಂದು ಸರಿಪಡಿಸಲು ಹೊರಟರು. 1985ರಲ್ಲಿ, ತಾವೇ ಕರೆತಂದಿದ್ದ ಮ್ಯಾನೇಜರ್ ಲೊರೇನ್ ವಿಲಿಯಮ್ಸ್ ಬ್ಲೂಮ್‌ಗಳ ಷೇರು ಕೊಂಡರು. ಗೈಗ್ಯಾಕ್ಸ್ ಕೋರ್ಟಿನಲ್ಲಿ ಸೋತು, ತಾವೇ ಕಟ್ಟಿದ ಕಂಪನಿಯಿಂದ ಹೊರಬಿದ್ದರು.

1997ರಲ್ಲಿ ಟಿಎಸ್ಆರ್ ಬೇರೆಯವರ ಪಾಲಾಯಿತು. 2000ದ ಮೂರನೇ ಆವೃತ್ತಿಯಲ್ಲಿ ಚಾಲೆಂಜ್ ರೇಟಿಂಗ್ ಬಂತು: ಇಷ್ಟನೇ ಲೆವೆಲ್ಲಿನ ನಾಲ್ವರಿಗೆ ಇಷ್ಟು ಅಂಕಿಯ ರಾಕ್ಷಸ ಸರಿ ಅಂತ. ಉಪಯೋಗಿ, ಒಪ್ಪೋಣ. ಆದರೆ ಇಕ್ಕಟ್ಟಾದ ಸೇತುವೆ ಮೇಲೆ ಸಿಕ್ಕಿಬಿದ್ದಿದ್ದೀರೋ, ಬಯಲಲ್ಲಿ ನೂರು ಅಡಿ ದೂರದಿಂದಲೇ ನೋಡಿದ್ದೀರೋ ಎಂಬುದು ಆ ಅಂಕಿಗೆ ತಿಳಿಯದು.

ಗೈಗ್ಯಾಕ್ಸ್ ಬರೆಯುವುದನ್ನಾಗಲಿ ಆಡಿಸುವುದನ್ನಾಗಲಿ ಬಿಡಲಿಲ್ಲ. 2004ರಲ್ಲಿ ಪಾರ್ಶ್ವವಾಯು ಬಡಿಯಿತು, ಚೇತರಿಸಿಕೊಂಡರು. ಲೇಕ್ ಜಿನೀವಾದ ಮನೆಯ ಜಗಲಿಗೆ ದೂರದೂರದಿಂದ ಜನ ಬರುತ್ತಿದ್ದರು. ಬಂದವರನ್ನು ಕೂರಿಸಿಕೊಂಡು ಅದೇ ಹಳೇ ನಿಯಮಗಳಲ್ಲಿ ಆಟ ಆಡಿಸುತ್ತಿದ್ದರು. 2008ರ ಜನವರಿಯಲ್ಲೂ ಆಡಿಸಿದರು. ಮಾರ್ಚ್ 4ರಂದು, 69ನೇ ವಯಸ್ಸಿನಲ್ಲಿ ತೀರಿಕೊಂಡರು. ಮರುವರ್ಷ ಏಪ್ರಿಲ್‌ನಲ್ಲಿ ಆರ್ನೆಸನ್ ಕೂಡ.

ಇಷ್ಟನ್ನೂ ಓದಿಕೊಂಡ ನಮ್ಮ ಮಾಸ್ಟರ್ ಈ ಸೆಮಿಸ್ಟರ್‌ನಲ್ಲಿ ಮತ್ತೆ ಗುಹೆ ಬಿಡಿಸಿದ್ದಾನೆ. ಡ್ರ್ಯಾಗನ್ ಅದೇ, 88 ಕೂಡ ಅದೇ. ಈ ಸಲ ಗುಹೆಯ ಬಾಯಲ್ಲಿ ಸುಟ್ಟ ಮರಗಳಿವೆ, ಊರಿನ ಮುದುಕಿಗೆ ಅದು ಮಲಗುವ ಹೊತ್ತು ಗೊತ್ತಿದೆ, ಹಿಂದೆ ಒಬ್ಬನೇ ತೂರಬಹುದಾದ ಬಿರುಕಿದೆ. ಜೇಬಿಗೆ ದಾಳ ಹಾಕಿಕೊಂಡು ಹೋಗಿದ್ದ ಗೆಳೆಯನಿಗೆ ಈ ನಕ್ಷೆಯ ಫೋಟೋ ಕಳಿಸಿದೆವು. ಶನಿವಾರ ಒಂಬತ್ತಕ್ಕೆ ಬಂದ, ಕಳ್ಳನ ಪಾತ್ರ ಬರೆದುಕೊಂಡು.