ಹಿಲ್ಡೆ ಮಾಂಗೋಲ್ಡ್: ಜೀವಕೋಶಕ್ಕೆ ದಾರಿ ತೋರಿಸಿದ ಪಿಎಚ್‌ಡಿ ವಿದ್ಯಾರ್ಥಿನಿ

ಮೊಣಕಾಲು ನೋವಿನಿಂದ ಹಿಡಿದು ಆಟಿಸಂವರೆಗೆ ಎಲ್ಲಕ್ಕೂ ಸ್ಟೆಮ್ ಸೆಲ್ ಇಂಜೆಕ್ಷನ್ ಇದೆ ಎನ್ನುವ ಜಾಹೀರಾತುಗಳು ಈಗ ಮೊಬೈಲಿಗೇ ಬಂದು ಬೀಳುತ್ತವೆ. ಅವುಗಳ ಹಿಂದಿರುವ ತರ್ಕ ಸರಳ. ಸ್ಟೆಮ್ ಸೆಲ್ ಅಂದ್ರೆ ಏನು ಬೇಕಾದರೂ ಆಗಬಲ್ಲ ಜೀವಕೋಶ. ಹಾಳಾದ ಜಾಗಕ್ಕೆ ಅದನ್ನು ಬಿಟ್ಟರೆ ಅಲ್ಲಿ ಏನು ಬೇಕೋ ಅದೇ ಆಗಿಬಿಡುತ್ತದೆ. ಕೇಳೋಕೆ ಚೆನ್ನಾಗಿದೆ. ಆದರೆ ಏನು ಬೇಕಾದರೂ ಆಗಬಲ್ಲ ಒಂದು ಕೋಶ, ಕೊನೆಗೆ ಏನಾಗಬೇಕು ಅಂತ ತೀರ್ಮಾನ ಮಾಡೋದು ಯಾರು? ಕೋಶವೇ? ಅದರೊಳಗಿನ ಜೀನ್‌ಗಳೇ? ಅಥವಾ ಅಕ್ಕಪಕ್ಕದವರೇ?

ಈ ಪ್ರಶ್ನೆಗೆ ಮೊದಲ ಗಟ್ಟಿ ಉತ್ತರ ಸಿಕ್ಕಿದ್ದು ನೂರು ವರ್ಷಕ್ಕೂ ಹಿಂದೆ, ಜರ್ಮನಿಯ ಫ್ರೈಬುರ್ಗ್ ಎಂಬ ಊರಿನ ವಿಶ್ವವಿದ್ಯಾಲಯದಲ್ಲಿ. ಆ ಪ್ರಯೋಗ ಮಾಡಿದ ಕೈ ಇಪ್ಪತ್ತೆರಡು ಇಪ್ಪತ್ಮೂರು ವರ್ಷದ ಒಬ್ಬ ಸಂಶೋಧನಾ ವಿದ್ಯಾರ್ಥಿನಿಯದು. ಹೆಸರು ಹಿಲ್ಡೆ ಮಾಂಗೋಲ್ಡ್. ಆ ಪ್ರಯೋಗಕ್ಕೆ 1935ರಲ್ಲಿ ನೊಬೆಲ್ ಬಂತು, ಆದರೆ ಅವಳಿಗಲ್ಲ. ಅಷ್ಟು ಹೊತ್ತಿಗೆ ಅವಳು ತೀರಿಕೊಂಡು ಹನ್ನೊಂದು ವರ್ಷವಾಗಿತ್ತು.

ಸೋಪಿನ ಕಾರ್ಖಾನೆಯ ಮನೆಯಿಂದ ಪ್ರಯೋಗಾಲಯಕ್ಕೆ

ಹಿಲ್ಡೆ ಹುಟ್ಟಿದ್ದು 1898ರ ಅಕ್ಟೋಬರ್ 20ರಂದು, ಮಧ್ಯ ಜರ್ಮನಿಯ ಗೋಥಾದಲ್ಲಿ. ತವರಿನ ಹೆಸರು ಪ್ರೋಶೋಲ್ಟ್. ಅಪ್ಪನಿಗೆ ಸೋಪಿನ ಕಾರ್ಖಾನೆ ಇತ್ತು, ಅನುಕೂಲಸ್ಥ ಮನೆ. ಮೊದಲ ಮಹಾಯುದ್ಧ ಮುಗಿಯುತ್ತಿದ್ದ ಹೊತ್ತಿಗೆ ಯೇನಾ ವಿಶ್ವವಿದ್ಯಾಲಯ ಸೇರಿದಳು, ಅಲ್ಲಿಂದ ಫ್ರಾಂಕ್‌ಫರ್ಟ್‌ಗೆ ಹೋದಳು. ಫ್ರಾಂಕ್‌ಫರ್ಟ್‌ನಲ್ಲಿ ಹಾನ್ಸ್ ಶ್ಪೇಮಾನ್ ಎಂಬ ಪ್ರಾಣಿಶಾಸ್ತ್ರಜ್ಞನ ಉಪನ್ಯಾಸ ಕೇಳಿದ್ದೇ ಅವಳ ದಾರಿ ಬದಲಿಸಿತು. ಭ್ರೂಣ ಬೆಳೆಯುವುದನ್ನು ಸುಮ್ಮನೆ ನೋಡಿ ಚಿತ್ರ ಬರೆಯುವ ಕಾಲ ಮುಗಿದಿತ್ತು. ಶ್ಪೇಮಾನ್ ಭ್ರೂಣವನ್ನು ಕತ್ತರಿಸಿ, ಕಟ್ಟಿ, ಜೋಡಿಸಿ ಅದರಿಂದ ಉತ್ತರ ಪಡೆಯುವ ಕೆಲಸದಲ್ಲಿದ್ದ. 1920ರಲ್ಲಿ ಹಿಲ್ಡೆ ಅವನ ವಿದ್ಯಾರ್ಥಿನಿಯಾಗಿ ಫ್ರೈಬುರ್ಗ್‌ಗೆ ಬಂದಳು.

ಶ್ಪೇಮಾನ್‌ನ ಉಪಕರಣಗಳನ್ನು ನೆನೆದರೆ ಎಂಜಿನಿಯರಿಂಗ್ ಓದಿದ ನನಗೆ ಈಗಲೂ ಬೆರಗು. ಗಾಜಿನ ಕಡ್ಡಿಯನ್ನು ಬೆಂಕಿಯಲ್ಲಿ ಎಳೆದು ಮಾಡಿದ ಸೂಜಿಗಳು. ಭ್ರೂಣವನ್ನು ಬಿಗಿಯೋದಕ್ಕೆ ಎಳೆಮಗುವಿನ ಕೂದಲಿನ ಕುಣಿಕೆ, ಯಾಕೆಂದರೆ ಅದಕ್ಕಿಂತ ಮೆತ್ತಗಿನ ದಾರ ಬೇರೆ ಇರಲಿಲ್ಲ. ಒಂದು ಸೂಕ್ಷ್ಮದರ್ಶಕ. ಇಷ್ಟೇ.

ಹಿಲ್ಡೆಗೆ ಮೊದಲು ಕೊಟ್ಟ ವಿಷಯ ಕೈಗೂಡಲಿಲ್ಲ. ಹದಿನೆಂಟನೇ ಶತಮಾನದಲ್ಲಿ ಟ್ರೆಂಬ್ಲಿ ಎಂಬವನು ಹೈಡ್ರಾ ಎಂಬ ಪುಟ್ಟ ಜಲಜೀವಿಯನ್ನು ಕಾಲುಚೀಲದ ಹಾಗೆ ಒಳಗು ಹೊರಗು ಮಾಡಿದ್ದ. ಅದನ್ನೇ ಮತ್ತೆ ಮಾಡಿ ನೋಡಬೇಕಿತ್ತು. ತಿಂಗಳುಗಟ್ಟಲೆ ಒದ್ದಾಡಿದರೂ ಆಗಲಿಲ್ಲ. 1921ರ ವಸಂತದಲ್ಲಿ ಶ್ಪೇಮಾನ್ ಬೇರೆ ಕೆಲಸ ಕೊಟ್ಟ. ಪಿಎಚ್‌ಡಿ ವಿಷಯ ಬದಲಾಗುವುದು ವಿದ್ಯಾರ್ಥಿಗಳಿಗೆ ಸಾಮಾನ್ಯವಾಗಿ ತಲೆನೋವಿನ ಸಂಗತಿ. ಇಲ್ಲಿ ಅದು ಜೀವವಿಜ್ಞಾನದ ದಿಕ್ಕನ್ನೇ ಬದಲಿಸಿತು.

ಎರಡು ಬಣ್ಣದ ಮೊಟ್ಟೆಗಳು

ಪ್ರಯೋಗ ಅರ್ಥವಾಗಬೇಕಾದರೆ ಒಂದೆರಡು ವಿಷಯ ಗೊತ್ತಿರಬೇಕು. ನ್ಯೂಟ್ ಅಂದ್ರೆ ಬಾಲ ಇರುವ, ಕಪ್ಪೆಯ ದಾಯಾದಿಯಂಥ ಉಭಯಚರ. ಅದರ ಭ್ರೂಣ ಹೆಚ್ಚೂಕಡಿಮೆ ಸಾಸಿವೆ ಕಾಳಿನಷ್ಟು. ಮೊಟ್ಟೆ ಒಂದು, ಎರಡು, ನಾಲ್ಕು, ಎಂಟು ಎಂದು ಒಡೆಯುತ್ತಾ ಹೋಗಿ ಟೊಳ್ಳು ಚೆಂಡಿನಂತಾಗುತ್ತದೆ. ಆಮೇಲೆ ಚೆಂಡಿನ ಒಂದು ಕಡೆ ಸಣ್ಣ ಗುಳಿ ಬಿದ್ದು, ಅದರ ಮೂಲಕ ಹೊರಗಿನ ಕೋಶಗಳು ಒಳಕ್ಕೆ ಸರಿಯುತ್ತವೆ. ಚರ್ಮ, ಸ್ನಾಯು, ಕರುಳು, ಮಿದುಳು ಅಂತ ಪಾಲು ಆಗುವುದು ಈ ಹೊತ್ತಿನಲ್ಲಿ. ಆ ಗುಳಿಯ ಮೇಲಂಚಿನ ತುಟಿಯಂಥ ತುಣುಕಿನಲ್ಲಿ ಏನೋ ವಿಶೇಷ ಇದೆ ಎಂಬ ಗುಮಾನಿ ಶ್ಪೇಮಾನ್‌ಗೆ ಮೊದಲೇ ಇತ್ತು. ಅದನ್ನು ಕತ್ತರಿಸಿ ಇನ್ನೊಂದು ಭ್ರೂಣಕ್ಕೆ ಕಸಿ ಮಾಡಿದರೆ ಅಲ್ಲಿ ಇನ್ನೊಂದು ಭ್ರೂಣದ ಆಕಾರ ಮೂಡುತ್ತಿತ್ತು. ಆದರೆ ಆ ಎರಡನೇ ಭ್ರೂಣ ಕಸಿ ಮಾಡಿದ ತುಣುಕೇ ಬೆಳೆದು ಆದದ್ದೋ, ಅಥವಾ ಸುತ್ತಲಿನ ಕೋಶಗಳು ಸೇರಿ ಕಟ್ಟಿದ್ದೋ ಹೇಳೋದು ಹೇಗೆ? ಎಲ್ಲವೂ ಒಂದೇ ಬಣ್ಣ.

ಉಪಾಯ ಇದು: ಎರಡು ಜಾತಿಯ ನ್ಯೂಟ್ ಬಳಸೋದು. ಒಂದರ ಮೊಟ್ಟೆ ಬಿಳಿಚು, ಇನ್ನೊಂದರದು ಕಂದು. ಬಿಳಿ ಭ್ರೂಣದ ತುಟಿಯ ತುಣುಕನ್ನು ತೆಗೆದು ಕಂದು ಭ್ರೂಣದ ಹೊಟ್ಟೆಯಾಗಬೇಕಾದ ಭಾಗಕ್ಕೆ ಹಚ್ಚಿದರೆ, ಆಮೇಲೆ ಯಾವ ಕೋಶ ಯಾರ ಮನೆಯದು ಅಂತ ಬಣ್ಣವೇ ಹೇಳುತ್ತದೆ.

ಹೇಳೋದು ಸುಲಭ. ನ್ಯೂಟ್ ಮೊಟ್ಟೆ ಇಡೋದು ವಸಂತದಲ್ಲಿ ಮಾತ್ರ, ಹಾಗಾಗಿ ವರ್ಷಕ್ಕೆ ಕೆಲವೇ ವಾರ ಕೆಲಸ. ಮೊಟ್ಟೆಯ ಸುತ್ತಲಿನ ಲೋಳೆ ಕವಚ ಬಿಡಿಸಬೇಕು, ಗಾಜಿನ ಸೂಜಿಯಲ್ಲಿ ಕತ್ತರಿಸಬೇಕು, ತುಣುಕು ಅಂಟಿಕೊಳ್ಳುವ ತನಕ ಒತ್ತಿ ಹಿಡಿದಿಡಬೇಕು. ಆಂಟಿಬಯೋಟಿಕ್ ಇನ್ನೂ ಬಂದಿರಲಿಲ್ಲ, ಸೋಂಕು ತಗುಲಿದರೆ ಭ್ರೂಣ ಸತ್ತಂತೆ. 1921 ಮತ್ತು 1922ರ ಎರಡು ವಸಂತಗಳಲ್ಲಿ ಹಿಲ್ಡೆ ನೂರಾರು ಕಸಿ ಮಾಡಿದಳು. ಬಹುಪಾಲು ಸತ್ತವು. ಕೊನೆಗೆ ಪ್ರಬಂಧದಲ್ಲಿ ವಿವರಿಸಲು ಉಳಿದದ್ದು ಆರು ಭ್ರೂಣಗಳು.

ಆ ಆರು ಸಾಕಾದವು. ಕಂದು ಭ್ರೂಣದ ಪಕ್ಕೆಯಲ್ಲಿ ಎರಡನೇ ಬೆನ್ನು ಎದ್ದಿತ್ತು. ಅದನ್ನು ತೆಳುವಾಗಿ ಹೋಳು ಮಾಡಿ ನೋಡಿದರೆ, ನಡುವಿನ ಬೆನ್ನುಕಂಬದ ಪೂರ್ವರೂಪದಲ್ಲಿ ಬಿಳಿ ಕೋಶಗಳು. ಆದರೆ ಮಿದುಳು ಮತ್ತು ಬೆನ್ನುಹುರಿಯಾಗಬೇಕಾದ ನರದ ಕೊಳವೆಯಲ್ಲಿ ಹೆಚ್ಚಿನವು ಕಂದು ಕೋಶಗಳು. ಅಂದ್ರೆ, ಸುಮ್ಮನೆ ಬಿಟ್ಟಿದ್ದರೆ ಹೊಟ್ಟೆಯ ಚರ್ಮವಾಗಿ ಮುಗಿಯುತ್ತಿದ್ದ ಕೋಶಗಳು, ಪಕ್ಕಕ್ಕೆ ಬಂದ ಅತಿಥಿಯ ಪ್ರಭಾವದಿಂದ ನರಮಂಡಲವಾಗಿದ್ದವು.

ಹೊಸ ಸೈಟಿಗೆ ಒಬ್ಬ ಮೇಸ್ತ್ರಿ ಬಂದ ಅಂದುಕೊಳ್ಳಿ. ಅವನು ಎಲ್ಲ ಇಟ್ಟಿಗೆಯನ್ನೂ ತಾನೇ ಕಟ್ಟಲಿಲ್ಲ. ಅಲ್ಲಿ ಕಾಂಪೌಂಡ್ ಕಟ್ಟೋಕೆ ಅಂತ ಬಂದಿದ್ದ ಕೆಲಸಗಾರರಿಂದಲೇ ಪೂರ್ತಿ ಮನೆ ಎಬ್ಬಿಸಿದ. ಶ್ಪೇಮಾನ್ ಈ ತುಣುಕಿಗೆ ಇಟ್ಟ ಹೆಸರೂ ಅದೇ ಅರ್ಥದ್ದು: ಆರ್ಗನೈಸರ್, ಸಂಘಟಕ.

ಹೆಸರಿನ ಲೆಕ್ಕ

1921ರಲ್ಲಿ ಹಿಲ್ಡೆ, ಶ್ಪೇಮಾನ್‌ನ ಪ್ರಯೋಗಾಲಯದ ಸಹಾಯಕನಾಗಿದ್ದ ಓಟೋ ಮಾಂಗೋಲ್ಡ್‌ನನ್ನು ಮದುವೆಯಾದಳು. 1923ರಲ್ಲಿ ಡಾಕ್ಟರೇಟ್ ಆಯಿತು, ಅದೇ ವರ್ಷದ ಕೊನೆಗೆ ಮಗ ಹುಟ್ಟಿದ. ಪ್ರಬಂಧ 1924ರಲ್ಲಿ ಅಚ್ಚಾಯಿತು. ಲೇಖಕರ ಜಾಗದಲ್ಲಿ ಎರಡು ಹೆಸರು: ಮೊದಲು ಶ್ಪೇಮಾನ್, ಆಮೇಲೆ ಹಿಲ್ಡೆ ಮಾಂಗೋಲ್ಡ್. ಇದು ಅವಳ ಪಿಎಚ್‌ಡಿ ಕೆಲಸ. ಅವಳ ಜೊತೆಯ ವಿಕ್ಟರ್ ಹ್ಯಾಂಬರ್ಗರ್ ಮತ್ತು ಯೋಹಾನ್ನೆಸ್ ಹೋಲ್ಟ್‌ಫ್ರೇಟರ್ ತಮ್ಮ ಪಿಎಚ್‌ಡಿ ಪ್ರಬಂಧಗಳನ್ನು ತಮ್ಮೊಬ್ಬರದೇ ಹೆಸರಿನಲ್ಲಿ ಪ್ರಕಟಿಸಿದರು. ಹಿಲ್ಡೆಗೆ ಇದರಿಂದ ಬೇಸರವಾಗಿತ್ತು ಎಂಬುದು ನಮಗೆ ತಿಳಿದಿರುವುದು ಹ್ಯಾಂಬರ್ಗರ್ ಮುಂದೆ ಬರೆದ ನೆನಪುಗಳಿಂದ. ಅವಳ ಬಗ್ಗೆ ನಮಗೆ ಗೊತ್ತಿರುವ ಬಹಳಷ್ಟು ಬಂದಿರುವುದು ಅವನಿಂದಲೇ.

ನ್ಯಾಯವಾಗಿ ಹೇಳೋದಾದರೆ, ಪ್ರಶ್ನೆ ಶ್ಪೇಮಾನ್‌ನದು, ಎರಡು ಬಣ್ಣದ ಉಪಾಯವೂ ಅವನದೇ. ಎರಡು ದಶಕದ ಅವನ ಕೆಲಸ ಇಲ್ಲದಿದ್ದರೆ ಆ ತುಟಿಯ ತುಣುಕಿನ ಕಡೆ ಯಾರೂ ನೋಡುತ್ತಿರಲಿಲ್ಲ. ಹಾಗಂತ, ಗುರುವಿನ ಐಡಿಯಾ ಎಂಬ ವಾದ ಒಬ್ಬಳೇ ವಿದ್ಯಾರ್ಥಿನಿಗೆ ಅನ್ವಯಿಸಿ, ಪಕ್ಕದ ಬೆಂಚಿನ ಇಬ್ಬರು ಹುಡುಗರಿಗೆ ಅನ್ವಯಿಸದೇ ಇರುವಾಗ ಪ್ರಶ್ನೆ ಕೇಳಲೇಬೇಕಾಗುತ್ತದೆ. ಅತ್ಯಂತ ಮುಖ್ಯವಾದ ಫಲಿತಾಂಶದ ಮೇಲೆ ಮೇಷ್ಟರ ಹೆಸರು ಮುಂದೆ ಬರುವುದು ಆ ಕಾಲದ ಜರ್ಮನಿಗೆ ಮಾತ್ರ ಸೀಮಿತವಾದ ಅಭ್ಯಾಸವೂ ಅಲ್ಲ. ನಮ್ಮಲ್ಲಿ ಪಿಎಚ್‌ಡಿ ಮಾಡಿದ ಯಾರನ್ನಾದರೂ ಕೇಳಿ.

1924ರಲ್ಲಿ ಓಟೋಗೆ ಬರ್ಲಿನ್‌ನ ಕೈಸರ್ ವಿಲ್ಹೆಲ್ಮ್ ಸಂಸ್ಥೆಯಲ್ಲಿ ಹುದ್ದೆ ಸಿಕ್ಕಿತು. ಆ ವರ್ಷವೇ ಅಡುಗೆಮನೆಯ ಒಲೆ ಸಿಡಿದು ಹಿಲ್ಡೆಗೆ ತೀವ್ರ ಸುಟ್ಟಗಾಯಗಳಾದವು. ಸೆಪ್ಟೆಂಬರ್ 4ರಂದು ತೀರಿಕೊಂಡಳು. ವಯಸ್ಸು 25. ಮಗುವಿಗೆ ಇನ್ನೂ ವರ್ಷ ತುಂಬಿರಲಿಲ್ಲ. ತನ್ನ ಆರು ಭ್ರೂಣಗಳ ಹಿಂದೆ ಜಗತ್ತಿನ ಪ್ರಯೋಗಾಲಯಗಳು ಓಡಿದ್ದನ್ನು ಅವಳು ನೋಡಲೇ ಇಲ್ಲ. ತೀರಿಕೊಂಡವರು ನೊಬೆಲ್ ಪರಿಗಣನೆಗೆ ಬರೋದಿಲ್ಲ, ಹಾಗಾಗಿ 1935ರಲ್ಲಿ ಪ್ರಶಸ್ತಿ ಶ್ಪೇಮಾನ್ ಒಬ್ಬನಿಗೇ ಹೋಯಿತು.

ಸಂಘಟಕ ಹೇಳೋದೇನು?

ಅವಳು ಬಿಟ್ಟುಹೋದ ಪ್ರಶ್ನೆ ಮುಂದಿನ ಎಪ್ಪತ್ತು ವರ್ಷ ವಿಜ್ಞಾನಿಗಳನ್ನು ಸತಾಯಿಸಿತು. ಸಂಘಟಕ ಪಕ್ಕದ ಕೋಶಕ್ಕೆ ಕಳಿಸುವ ಸಂದೇಶ ಯಾವ ರಾಸಾಯನಿಕ? ತುಣುಕನ್ನು ಕೊಂದು ಹಚ್ಚಿದರೂ ಅದು ನರಕೋಶ ಹುಟ್ಟಿಸುತ್ತಿತ್ತು ಅಂತ 1930ರ ದಶಕದ ಆರಂಭದಲ್ಲಿ ಗೊತ್ತಾಯಿತು. ಅಂದರೆ ಸಂದೇಶ ಒಂದು ವಸ್ತು. ಆದರೆ ಸಂಬಂಧವೇ ಇಲ್ಲದ ವಸ್ತುಗಳು, ಕೊನೆಗೆ ಮೀಥಿಲೀನ್ ಬ್ಲೂ ಎಂಬ ಬಣ್ಣ ಕೂಡ, ಅದೇ ಪರಿಣಾಮ ತೋರಿಸಿ ಎಲ್ಲರೂ ಗೊಂದಲದಲ್ಲಿ ಬಿದ್ದರು. ನಂತರ ದಶಕಗಳ ಕಾಲ ಈ ಕ್ಷೇತ್ರ ಹೆಚ್ಚುಕಡಿಮೆ ನಿಂತೇ ಹೋಯಿತು.

ಉತ್ತರ ಸಿಕ್ಕಿದ್ದು 1990ರ ದಶಕದಲ್ಲಿ, ಕಪ್ಪೆಯ ಭ್ರೂಣದಲ್ಲಿ. 1992ರಲ್ಲಿ ನಾಗಿನ್, 1994ರಲ್ಲಿ ಕಾರ್ಡಿನ್ ಎಂಬ ಪ್ರೋಟೀನುಗಳನ್ನು ಗುರುತಿಸಿದರು. ಎರಡನ್ನೂ ಸಂಘಟಕ ಹೊರಹಾಕುತ್ತದೆ. ಆದರೆ ಅವು ಕೋಶಕ್ಕೆ ನರವಾಗು ಅಂತ ಹೇಳುವುದಿಲ್ಲ! ಭ್ರೂಣದ ಹೊರಪದರದಲ್ಲಿ ಬಿಎಂಪಿ ಎಂಬ ಇನ್ನೊಂದು ಸಂಕೇತ ಚರ್ಮವಾಗು, ಚರ್ಮವಾಗು ಅಂತ ಒಂದೇ ಸಮನೆ ಸಾರುತ್ತಿರುತ್ತದೆ. ನಾಗಿನ್ ಮತ್ತು ಕಾರ್ಡಿನ್ ಮಾಡೋದು ಆ ಬಿಎಂಪಿಯನ್ನು ಹಿಡಿದು ಬಾಯಿ ಮುಚ್ಚಿಸೋದು. ಆ ಗದ್ದಲ ನಿಂತ ಕಡೆ ಕೋಶಗಳು ನರದ ದಾರಿ ಹಿಡಿಯುತ್ತವೆ. ಹೊಸ ಆಜ್ಞೆ ಹೊರಡಿಸುವುದಕ್ಕಿಂತ ಹಳೇ ಆಜ್ಞೆಯನ್ನು ತಡೆಯುವುದೇ ಇಲ್ಲಿ ದೊಡ್ಡ ಕೆಲಸ.

ಇದು ಬರೀ ಕಪ್ಪೆಯ ಕಥೆ ಅಲ್ಲ. 1998ರಲ್ಲಿ ಮನುಷ್ಯ ಭ್ರೂಣದ ಸ್ಟೆಮ್ ಸೆಲ್‌ಗಳನ್ನು ಪ್ರಯೋಗಾಲಯದಲ್ಲಿ ಬೆಳೆಸಲಾಯಿತು. 2006ರಲ್ಲಿ ಯಮನಕ ಇಲಿಯ ಸಾಮಾನ್ಯ ಕೋಶಗಳನ್ನೇ ಹಿಂದಕ್ಕೆ ತಿರುಗಿಸಿ ಸ್ಟೆಮ್ ಸೆಲ್ ಮಾಡಿ ತೋರಿಸಿದ, ಮರುವರ್ಷ ಮನುಷ್ಯರ ಕೋಶಗಳಲ್ಲೂ ಅದು ಸಾಧ್ಯವಾಯಿತು. ಈ ಕೋಶಗಳನ್ನು ನರಕೋಶವಾಗಿಸಲು ಈಗ ಬಳಸುವ ಮುಖ್ಯ ವಿಧಾನಗಳಲ್ಲಿ ಒಂದು ಏನು ಗೊತ್ತಾ? ಬಿಎಂಪಿಯನ್ನೂ ಅದರ ಬಂಧುವಾದ ಇನ್ನೊಂದು ಸಂಕೇತವನ್ನೂ ತಡೆಯೋದು. ಸಂಘಟಕ ಮಾಡುತ್ತಿದ್ದ ಕೆಲಸವನ್ನೇ ತಟ್ಟೆಯಲ್ಲಿ ಮಾಡೋದು. 2018ರಲ್ಲಿ ನ್ಯೂಯಾರ್ಕ್‌ನ ರಾಕ್‌ಫೆಲರ್ ವಿಶ್ವವಿದ್ಯಾಲಯದ ತಂಡ ಮನುಷ್ಯರ ಸ್ಟೆಮ್ ಸೆಲ್‌ಗಳಿಂದ ಸಂಘಟಕವನ್ನು ತಯಾರಿಸಿ ಕೋಳಿಯ ಭ್ರೂಣಕ್ಕೆ ಕಸಿ ಮಾಡಿತು. ಅಲ್ಲೂ ಎರಡನೇ ಬೆನ್ನಿನ ಅಕ್ಷ ಮೂಡಿತು. ಹಿಲ್ಡೆಯ ಪ್ರಯೋಗವೇ, ಪಾತ್ರಧಾರಿಗಳು ಮಾತ್ರ ಬೇರೆ.

ಕ್ಲಿನಿಕ್‌ನಲ್ಲಿ ಕೇಳಬೇಕಾದ ಪ್ರಶ್ನೆ

ಈಗ ಆ ಜಾಹೀರಾತುಗಳಿಗೆ ವಾಪಸ್ ಬರೋಣ. ಕೋಶದ ಹಣೆಬರಹ ಕೋಶದೊಳಗೆ ಪೂರ್ತಿ ಬರೆದಿರೋದಿಲ್ಲ. ಯಾರ ಪಕ್ಕ, ಯಾವ ಹೊತ್ತಿನಲ್ಲಿ, ಯಾವ ಸಂಕೇತದ ನಡುವೆ ಇದೆ ಎಂಬುದೂ ಸೇರಿ ಅದನ್ನು ತೀರ್ಮಾನ ಮಾಡುತ್ತವೆ. ಹಿಲ್ಡೆಯ ಕಂದು ಕೋಶಗಳು ಕಲಿಸಿದ ಪಾಠ ಇದು. ಬೆಳೆದ ಮನುಷ್ಯನ ಸವೆದ ಮೊಣಕಾಲಿನಲ್ಲೋ ಗಾಯಗೊಂಡ ಬೆನ್ನುಹುರಿಯಲ್ಲೋ ಭ್ರೂಣದ ಆ ನೆರೆಹೊರೆ ಇರೋದಿಲ್ಲ. ಅಲ್ಲಿಗೆ ಕೋಶ ಚುಚ್ಚಿದ ಮಾತ್ರಕ್ಕೆ ಅದಕ್ಕೆ ದಾರಿ ಹೇಳುವವರು ಯಾರು?

ನಮ್ಮ ದೇಶದ ನಿಯಮವೂ ಸ್ಪಷ್ಟವಾಗಿದೆ. ಐಸಿಎಂಆರ್ ಮತ್ತು ಕೇಂದ್ರ ಜೈವಿಕ ತಂತ್ರಜ್ಞಾನ ಇಲಾಖೆ 2017ರಲ್ಲಿ ಹೊರಡಿಸಿದ ಮಾರ್ಗಸೂಚಿ ಪ್ರಕಾರ, ರಕ್ತದ ಕಾಯಿಲೆಗಳಿಗೆ ಮಾಡುವ ಅಸ್ಥಿಮಜ್ಜೆ ಕಸಿಯಂಥ ರಕ್ತಜನಕ ಕೋಶಗಳ ಚಿಕಿತ್ಸೆ ಬಿಟ್ಟರೆ ಉಳಿದದ್ದೆಲ್ಲ ಇನ್ನೂ ಪ್ರಯೋಗದ ಹಂತ, ಅನುಮತಿ ಪಡೆದ ಕ್ಲಿನಿಕಲ್ ಟ್ರಯಲ್‌ನಲ್ಲಿ ಮಾತ್ರ ಮಾಡಬೇಕು. ಅಸ್ಥಿಮಜ್ಜೆ ಕಸಿ ಕೆಲಸ ಮಾಡೋದಕ್ಕೆ ಒಂದು ಕಾರಣವೂ ಇದೇ ತರ್ಕದಲ್ಲಿದೆ: ಆ ಕೋಶಗಳು ತಮ್ಮದೇ ಮನೆಯಾದ ಮಜ್ಜೆಗೆ ಹೋಗಿ ಸೇರುತ್ತವೆ, ಅಲ್ಲಿ ಅವಕ್ಕೆ ಬೇಕಾದ ನೆರೆಹೊರೆ ಇರುತ್ತದೆ. ಹಾಗಾಗಿ ಯಾರಾದರೂ ಲಕ್ಷಗಟ್ಟಲೆ ಕೇಳಿ ಸ್ಟೆಮ್ ಸೆಲ್ ಚಿಕಿತ್ಸೆ ಕೊಡ್ತೀವಿ ಅಂದರೆ, ಮನೆ ಅಡವಿಡುವ ಮೊದಲು ಎರಡು ಪ್ರಶ್ನೆ ಕೇಳಿ. ಇದು ಟ್ರಯಲ್ಲಾ? ಹೌದಾದರೆ ದುಡ್ಡು ಯಾಕೆ? ಆ ಕೋಶ ಅಲ್ಲಿ ಏನಾಗುತ್ತದೆ, ಅದನ್ನು ಹಾಗೆ ಆಗಿಸುವುದು ಯಾವುದು?

ಹೆಸರಿನ ಲೆಕ್ಕವೂ ನಿಧಾನವಾಗಿ ಸರಿಹೋಗುತ್ತಿದೆ. ಎಷ್ಟೋ ಕಾಲ ಪಠ್ಯಪುಸ್ತಕಗಳಲ್ಲಿ ಇದು ಶ್ಪೇಮಾನ್ ಸಂಘಟಕ ಅಂತಲೇ ಇತ್ತು. ಈಗ ಬಹಳ ಕಡೆ ಶ್ಪೇಮಾನ್–ಮಾಂಗೋಲ್ಡ್ ಸಂಘಟಕ ಎಂದು ಬರೆಯುತ್ತಾರೆ. ನಮ್ಮ ಕಾಲೇಜುಗಳಲ್ಲಿ ಭ್ರೂಣಶಾಸ್ತ್ರ ಪಾಠ ಮಾಡುವ ಮೇಷ್ಟ್ರುಗಳಲ್ಲಿ ನನ್ನ ವಿನಂತಿ ಇಷ್ಟೇ: ಬೋರ್ಡ್ ಮೇಲೆ ಆ ಎರಡನೇ ಹೆಸರನ್ನೂ ಬರೆಯಿರಿ. ಅದು ಓಟೋನದಲ್ಲ, ಹಿಲ್ಡೆಯದು ಎಂದೂ ಹೇಳಿ.